ಗುಡಿ ಕಟ್ಟಿದವರು, ಗುಡಿ ದುರಸ್ತಿ ಮಾಡಿದವರು



ಹಳೆಯ ಗುಡಿಗೆ ಹೋದವರು ಅರ್ಚಕರನ್ನು ಮೊದಲು ಕೇಳುವುದು ಒಂದೇ ಮಾತು: ‘ಸ್ವಾಮಿ, ಇದನ್ನು ಕಟ್ಟಿಸಿದವರು ಯಾರು?’ ಉತ್ತರವೂ ನಾಲಿಗೆಯ ತುದಿಯಲ್ಲೇ ಇರುತ್ತದೆ. ಚನ್ನಪಟ್ಟಣದ ಕಡೆಯಾದರೆ ಚೋಳರು, ಮಾಗಡಿಯ ಕಡೆಯಾದರೆ ಕೆಂಪೇಗೌಡರು. ಅಷ್ಟಕ್ಕೂ ಸಮಾಧಾನವಾಗದಿದ್ದರೆ ಋಷಿಗಳಿದ್ದಾರೆ. ಮಳೂರಿಗೆ ಕಣ್ವರು, ಮಾಗಡಿಯ ತಿರುಮಲೆಗೆ ಮಾಂಡವ್ಯರು. ಕೇಳಿದವರು ತಲೆಯಾಡಿಸಿ ತೀರ್ಥ ತೆಗೆದುಕೊಂಡು ಹೊರಡುತ್ತಾರೆ. ನನಗೆ ಆ ಪ್ರಶ್ನೆಯ ಮೇಲೇ ತಕರಾರು. ಸಾವಿರ ವರ್ಷ ಪೂಜೆ ನಿಲ್ಲದೆ ನಡೆದುಬಂದ ಗುಡಿಯನ್ನು ಯಾರೋ ಒಬ್ಬರು ಕಟ್ಟಿ ಮುಗಿಸಿರುವುದಿಲ್ಲ. ಕಟ್ಟಿದವರು ಒಬ್ಬರಾದರೆ ಬೆಳೆಸಿದವರು ನಾಲ್ವರು, ಬಿದ್ದದ್ದನ್ನು ಎತ್ತಿ ನಿಲ್ಲಿಸಿದವರು ಹತ್ತು ಮಂದಿ. ನಾವು ಕಟ್ಟಿದ ರಾಜನನ್ನು ನೆನೆಯುತ್ತೇವೆ, ದುರಸ್ತಿ ಮಾಡಿಸಿದ ಶೆಟ್ಟಿಯನ್ನು ಮರೆಯುತ್ತೇವೆ. ಈ ಹೊತ್ತು ಆ ಮರೆತವರ ಕಡೆಯಿಂದ ಒಂದಷ್ಟು ಮಾತಾಡಬೇಕೆಂದಿದ್ದೇನೆ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ, ಈ ನಾಲ್ಕು ತಾಲ್ಲೂಕುಗಳು ಮೊದಲು ಬೆಂಗಳೂರು ಜಿಲ್ಲೆಯಲ್ಲಿದ್ದವು. 1986ರಲ್ಲಿ ಬೆಂಗಳೂರು ಗ್ರಾಮಾಂತರಕ್ಕೆ ಹೋದವು, 2007ರಲ್ಲಿ ರಾಮನಗರ ಜಿಲ್ಲೆಯಾದವು, 2025ರಲ್ಲಿ ಸರ್ಕಾರ ಆ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂದು ಹೆಸರಿಡಲು ತೀರ್ಮಾನಿಸಿತು. ಹೆಸರು ಎಷ್ಟು ಸಲ ಬದಲಾದರೂ ನೆಲದ ಕಲ್ಲು ಬದಲಾಗಿಲ್ಲ. ಭೂವಿಜ್ಞಾನಿಗಳು ಅದನ್ನು ಇವತ್ತಿಗೂ ಕ್ಲೋಸ್‌ಪೇಟೆ ಗ್ರಾನೈಟ್ ಎಂದೇ ಕರೆಯುತ್ತಾರೆ. ಕ್ಲೋಸ್‌ಪೇಟೆ ಎಂದರೆ ನಮ್ಮ ರಾಮನಗರವೇ, ಬ್ರಿಟಿಷರ ಕಾಲದ ಹೆಸರು. ಕಲ್ಲಿನ ವಯಸ್ಸು ಸುಮಾರು 250 ಕೋಟಿ ವರ್ಷ. ‘ಶೋಲೆ’ ಸಿನಿಮಾದಲ್ಲಿ ಗಬ್ಬರ್ ಸಿಂಗ್ ಹತ್ತಿ ಕೂತ ಬಂಡೆಯೂ ಇದೇ, ಸಾವನದುರ್ಗವೂ ಇದೇ. ಬೇಲೂರು ಹಳೇಬೀಡಿನ ಬಳಪದ ಕಲ್ಲು ಉಳಿಯನ್ನು ಬೆಣ್ಣೆಯಂತೆ ಒಪ್ಪಿಕೊಳ್ಳುತ್ತದೆ. ಈ ಗ್ರಾನೈಟು ಹಾಗಲ್ಲ. ಆದ್ದರಿಂದಲೇ ಈ ಸೀಮೆಯ ಗುಡಿಗಳಲ್ಲಿ ಕುಸುರಿ ಕಡಿಮೆ. ಸಾದಾ ಗೋಡೆ, ದಪ್ಪ ಕಂಬ. ನೋಡಲು ಬಂದವರು ‘ಇಲ್ಲೇನೂ ಇಲ್ಲ’ ಎಂದು ಹೊರಟುಬಿಡುವುದೂ ಅದಕ್ಕೇ. ಆದರೆ ಕುಸುರಿ ಇಲ್ಲದ ಗೋಡೆಯಲ್ಲಿ ಹೊಲಿಗೆ ಚೆನ್ನಾಗಿ ಕಾಣುತ್ತದೆ. ಎಲ್ಲಿ ಹಳೆಯದು ನಿಂತಿತು, ಎಲ್ಲಿ ಹೊಸದು ಶುರುವಾಯಿತು ಎಂಬುದನ್ನು ಬರಿಗಣ್ಣಿನಲ್ಲೇ ಪತ್ತೆಹಚ್ಚಬಹುದು.

ದೊಡ್ಡಮಳೂರಿನ ಅಪ್ರಮೇಯ ದೇವಸ್ಥಾನವನ್ನೇ ತೆಗೆದುಕೊಳ್ಳಿ. ಚನ್ನಪಟ್ಟಣ ದಾಟಿ ಹಳೆಯ ಮೈಸೂರು ರಸ್ತೆಯಲ್ಲಿ ಸ್ವಲ್ಪ ದೂರ ಹೋದರೆ ಸಿಗುತ್ತದೆ. ಪಕ್ಕದಲ್ಲಿ ಕಣ್ವ ನದಿ. ಊರಿನ ಮಣ್ಣೆಲ್ಲ ಮರಳು. ಈ ಗುಡಿಗೆ ಬುನಾದಿಯೇ ಇಲ್ಲ, ಮರಳಿನ ಮೇಲೆ ಹಾಗೇ ನಿಂತಿದೆ ಎಂದು ಊರವರು ಹೆಮ್ಮೆಯಿಂದ ಹೇಳುತ್ತಾರೆ. ಆ ಹೆಮ್ಮೆಯನ್ನು ನಾನು ಅರ್ಧ ಮಾತ್ರ ಒಪ್ಪುತ್ತೇನೆ. ಗುಂಡಿ ತೋಡಿ ಮರಳು ತುಂಬಿ ನೀರು ಬಿಟ್ಟು ದಮ್ಮಸು ಮಾಡಿ ಅದರ ಮೇಲೆ ಕಲ್ಲು ಕೂರಿಸುವುದು ನಮ್ಮ ಶಿಲ್ಪಿಗಳಿಗೆ ಗೊತ್ತಿದ್ದ ವಿದ್ಯೆ. 13ನೆಯ ಶತಮಾನದಲ್ಲಿ ಕಟ್ಟಿದ ತೆಲಂಗಾಣದ ರಾಮಪ್ಪ ಗುಡಿ ಅದಕ್ಕೇ ಹೆಸರುವಾಸಿ. ಅತ್ತಿತ್ತ ಸರಿಯದಂತೆ ಬಿಗಿಹಿಡಿದ ಮರಳು ಭಾರ ಹೊರುತ್ತದೆ, ನೆಲ ಅದುರಿದರೆ ಅದುರನ್ನೂ ನುಂಗಿಕೊಳ್ಳುತ್ತದೆ. ಮರಳಿನ ಮೇಲೆ ನಿಂತಿದೆ ಎಂದರೆ ಬುನಾದಿಯಿಲ್ಲದೆ ನಿಂತಿದೆ ಎಂದಲ್ಲ, ಮರಳೇ ಬುನಾದಿ ಎಂದು ತಿಳಿಯುವುದು ಸರಿ.

ಈಗ ಗೋಡೆಗೆ ಬರೋಣ. ಯಾವ ಹಳೆಯ ಗುಡಿಗೆ ಹೋದರೂ ಮೊದಲು ಮೇಲೆ ನೋಡಬೇಡಿ, ಕೆಳಗೆ ನೋಡಿ. ಗೋಪುರ ಎಲ್ಲಕ್ಕಿಂತ ಕಿರಿಯ, ಗೋಡೆ ಹೊತ್ತ ಪೀಠ, ಅಂದರೆ ಅಧಿಷ್ಠಾನ, ಎಲ್ಲಕ್ಕಿಂತ ಹಿರಿಯ. ಗರ್ಭಗುಡಿಯ ಹೊರಸುತ್ತು ನಡೆದು ಮೊಣಕಾಲಿನ ಮಟ್ಟದಲ್ಲಿರುವ ಕಲ್ಲಿನ ಪಟ್ಟಿಗಳನ್ನು ಗಮನಿಸಿ. ಉಪಾನ, ಅದರ ಮೇಲೆ ನೇರ ನಿಂತ ಜಗತಿ, ಅದರ ಮೇಲೆ ದುಂಡಗೆ ಅಥವಾ ಎಂಟು ಮುಖವಾಗಿ ಉಬ್ಬಿದ ಕುಮುದ, ಮೇಲೆ ಒಳಸರಿದ ಕಂಠ. ಚೋಳರ ಕಾಲದ ಬರಹಗಾರನಿಗೆ ಜಗತಿ, ಕುಮುದಗಳೇ ಕಾಗದ. ಅಕ್ಷರ ತಮಿಳು, ನಡುನಡುವೆ ಸಂಸ್ಕೃತದ ಮಾತು ಬಂದಾಗ ಗ್ರಂಥಲಿಪಿ. ನಮ್ಮ ಹಳ್ಳಿಗಳಲ್ಲಿ ಇದಕ್ಕೆ ಇಟ್ಟ ಹೆಸರು ‘ಮೋಡಿ ಅಕ್ಷರ’. ನಿಧಿ ಎಲ್ಲಿದೆ ಎಂದು ಬರೆದಿದೆಯಂತೆ ಎಂಬ ಸುದ್ದಿ ಬೇರೆ. ಆ ಸುದ್ದಿ ನಂಬಿ ರಾತ್ರಿ ಬಂದು ಪಾಳುಗುಡಿಯ ಪಾಣಿಪೀಠ ಕಿತ್ತವರಿದ್ದಾರೆ, ನಂದಿಯ ಹೊಟ್ಟೆ ಒಡೆದವರಿದ್ದಾರೆ. ಇಂಥ ಬರಹಗಳಲ್ಲಿ ಸಾಮಾನ್ಯವಾಗಿ ಇರುವುದು ನಂದಾದೀಪದ ತುಪ್ಪಕ್ಕೆ ಬಿಟ್ಟ ಕುರಿಗಳ ಲೆಕ್ಕ, ದೇವರಿಗೆ ಬಿಟ್ಟ ಗದ್ದೆಯ ಎಲ್ಲೆ, ಸಭೆಯವರ ಒಪ್ಪಿಗೆ. ಕಳ್ಳನಿಗೆ ಮೂರು ಕಾಸಿನ ಪ್ರಯೋಜನವಿಲ್ಲ. ಊರಿಗೆ ಮಾತ್ರ ಅದು ಹಕ್ಕುಪತ್ರ.

ಚನ್ನಪಟ್ಟಣದ ಸುತ್ತ ತಮಿಳು ಶಾಸನ ಹೇಗೆ ಬಂತು ಎಂದರೆ, 1004ರ ಹೊತ್ತಿಗೆ ಚೋಳರು ತಲಕಾಡನ್ನು ಹಿಡಿದು ಗಂಗರ ಆಳ್ವಿಕೆಯನ್ನು ಮುಗಿಸಿದರು. ಗಂಗವಾಡಿಗೆ ಮುಡಿಗೊಂಡ ಚೋಳಮಂಡಲ ಎಂಬ ಹೆಸರಿಟ್ಟರು. ಊರುಗಳಿಗೂ ರಾಜರ ಹೆಸರು ಅಂಟಿತು. ಕೂಡ್ಲೂರು ರಾಜರಾಜ ಚತುರ್ವೇದಿಮಂಗಲವಾಯಿತು, ಮಳೂರು ರಾಜೇಂದ್ರಸಿಂಹ ಚತುರ್ವೇದಿಮಂಗಲವಾಯಿತು. ನೂರು ಚಿಲ್ಲರೆ ವರ್ಷ ಕಳೆದ ಮೇಲೆ ಹೊಯ್ಸಳ ವಿಷ್ಣುವರ್ಧನ ತಲಕಾಡನ್ನು ಗೆದ್ದು ಚೋಳರನ್ನು ಹೊರಗಟ್ಟಿದ. ದೊಡ್ಡ ಹೆಸರುಗಳೆಲ್ಲ ಅವರೊಂದಿಗೇ ಹೋದವು. ಜನರ ಬಾಯಲ್ಲಿ ಕೂಡ್ಲೂರು ಕೂಡ್ಲೂರಾಗಿಯೇ ಉಳಿಯಿತು, ಮಳೂರು ಮಳೂರಾಗಿಯೇ ಉಳಿಯಿತು. ಆದರೆ ಗುಡಿಯ ದೀಪಕ್ಕೆ ಬಿಟ್ಟ ದತ್ತಿಯನ್ನು ಹೊಸ ದೊರೆಗಳು ಕಿತ್ತುಕೊಳ್ಳಲಿಲ್ಲ. ಹೊಯ್ಸಳರ ಕಾಲದಲ್ಲೂ ಈ ಸೀಮೆಯಲ್ಲಿ ತಮಿಳು ಶಾಸನಗಳು ಮುಂದುವರಿದವು. ರಾಜ್ಯ ಬದಲಾದ ದಿನವೇ ಗುಡಿ ಬದಲಾಗುವುದಿಲ್ಲ. ಶೈಲಿ ನೋಡಿ ‘ಇದು ಚೋಳ, ಇದು ಹೊಯ್ಸಳ’ ಎಂದು ಚೀಟಿ ಅಂಟಿಸುವವರು ನೆನಪಿಡಬೇಕಾದ ಸಂಗತಿ ಇದು. ಕಲ್ಲುಕುಟಿಗ ಅದೇ ಊರಿನವನು, ಅವನಪ್ಪ ಕಲಿಸಿದ ಅಳತೆಯೇ ಅವನ ಕೈಯಲ್ಲಿರುತ್ತದೆ.

ವಿಜಯನಗರದ ಕಾಲಕ್ಕೆ ಬಂದಾಗ ಗುಡಿ ಹೊರಕ್ಕೆ ಬೆಳೆಯಿತು. ಪೂಜೆ ಒಳಗೆ ನಡೆಯುವುದಷ್ಟೇ ಸಾಲದೆ, ದೇವರು ಹೊರಬಂದು ಉತ್ಸವವಾಗಬೇಕು, ಮಂಟಪದಲ್ಲಿ ಕೂರಬೇಕು, ರಥವೇರಬೇಕು. ಹಾಗಾಗಿ ಮುಖಮಂಟಪ ಬಂತು, ಪ್ರಾಕಾರ ಬಂತು, ಅಮ್ಮನವರಿಗೆ ಬೇರೆ ಸನ್ನಿಧಿ ಬಂತು, ಮುಂದೆ ಮಹಾದ್ವಾರ ಎದ್ದಿತು. ಕಂಬ ನೋಡಿಯೇ ಹೇಳಬಹುದು. ಕೆಳಗೊಂದು ಚೌಕ, ನಡುವೆ ಎಂಟು ಪಟ್ಟಿ, ಮತ್ತೆ ಚೌಕ. ಚೌಕದ ಒಂದೊಂದು ಮುಖದಲ್ಲಿ ಹನುಮಂತನೋ ಹಂಸವೋ ಕೋಲಾಟದ ಹೆಂಗಸೋ ತೆಳ್ಳಗೆ ಉಬ್ಬಿರುತ್ತದೆ. ಕಂಬದ ತಲೆಯ ಮೇಲೆ ಕೂರುವ ಬೋದಿಗೆಯ ತುದಿಯಲ್ಲಿ ತಲೆಕೆಳಗಾದ ತಾವರೆಮೊಗ್ಗು ನೇತಾಡುತ್ತಿದ್ದರೆ ಅದು ವಿಜಯನಗರದ್ದು ಅಥವಾ ಅದರ ಪಾಳೆಯಗಾರರದ್ದು. ಹಳೆಯ ಬೋದಿಗೆಗೆ ಆ ಮೊಗ್ಗು ಇರುವುದಿಲ್ಲ.

ಮಳೂರಿನಲ್ಲಿ ಇದರ ಜೊತೆಗೆ ಇನ್ನೊಂದು ಬದಲಾವಣೆ ನಡೆಯಿತು. ಮೂಲದೇವರು ಅಪ್ರಮೇಯ, ಅಮ್ಮನವರು ಅರವಿಂದವಲ್ಲಿ. ಆದರೆ ಇವತ್ತು ಬಸ್ಸಿನಿಂದಿಳಿದವರು ದಾರಿ ಕೇಳುವುದು ಅಂಬೆಗಾಲು ಕೃಷ್ಣನ ಗುಡಿ ಎಲ್ಲಿ ಎಂದು. ಪ್ರಾಕಾರದಲ್ಲಿ ನವನೀತಕೃಷ್ಣನ ಚಿಕ್ಕ ಸನ್ನಿಧಿಯಿದೆ. ಕಪ್ಪು ಶಿಲೆಯ ಕೂಸು, ಮೊಣಕಾಲೂರಿ ಒಂದು ಕೈಯಲ್ಲಿ ಬೆಣ್ಣೆಯುಂಡೆ ಹಿಡಿದಿದೆ. ಪುರಂದರದಾಸರು ‘ಜಗದೋದ್ಧಾರನ’ ಕೀರ್ತನೆಯನ್ನು ಈ ಕೂಸನ್ನು ಕಂಡೇ ಹಾಡಿದರು ಎಂಬುದು ಜನರ ನಂಬಿಕೆ. ಮಕ್ಕಳಿಲ್ಲದವರು ಬಂದು ಹರಕೆಯ ತೊಟ್ಟಿಲು ಕಟ್ಟುತ್ತಾರೆ, ಬೆಣ್ಣೆ ಒಪ್ಪಿಸುತ್ತಾರೆ. ನಡುಮಧ್ಯದ ದೊಡ್ಡ ಗರ್ಭಗುಡಿಯಲ್ಲಿ ಅಪ್ರಮೇಯಸ್ವಾಮಿ ತನ್ನ ಪಾಡಿಗೆ ನಿಂತಿರುತ್ತಾನೆ. ನೂಕುನುಗ್ಗಲು ಮಗುವಿನ ಮುಂದೆ. ಒಂದು ಗುಡಿಯ ಚರಿತ್ರೆಯನ್ನು ಬರೀ ಕಲ್ಲು ನೋಡಿ ಬರೆಯಲಾಗದು ಎನ್ನುವುದಕ್ಕೆ ಈ ತೊಟ್ಟಿಲುಗಳೇ ಸಾಕ್ಷಿ. ಯಾವ ಬಾಗಿಲಲ್ಲಿ ಜನ ನಿಲ್ಲುತ್ತಾರೋ ಆ ಬಾಗಿಲಿನ ಸುತ್ತ ಮುಂದಿನ ಕಟ್ಟಡ ಏಳುತ್ತದೆ. ಮೊದಲು ಚಪ್ಪರ, ಆಮೇಲೆ ಕಲ್ಲಿನ ಮಂಟಪ, ನಮ್ಮ ಕಾಲದಲ್ಲಾದರೆ ತಗಡಿನ ಮಾಡು ಮತ್ತು ಕಬ್ಬಿಣದ ಸರಳು.

ಇಷ್ಟೆಲ್ಲ ಹೇಳಿದ್ದು ಕಟ್ಟಿದವರ, ಬೆಳೆಸಿದವರ ಮಾತು. ದುರಸ್ತಿ ಮಾಡಿದವರ ಮಾತಿಗೆ ಮಾಗಡಿ ತಾಲ್ಲೂಕಿನ ಕಲ್ಯಕ್ಕೆ ಹೋಗಬೇಕು.

ಕಲ್ಯ ಇವತ್ತು ಚಿಕ್ಕ ಹಳ್ಳಿ. ಕಲ್ಲೇಶ್ವರನ ಗುಡಿಯಿದೆ, ಗುಡ್ಡದಲ್ಲಿ ಸರ್ವಶೀಲೆ ಚೆನ್ನಮ್ಮನ ನೆಲೆಯಿದೆ. ತೆಲುಗಿನಲ್ಲಿ ಬಸವಪುರಾಣ ಬರೆದ ಪಾಲ್ಕುರಿಕೆ ಸೋಮನಾಥ ಲಿಂಗೈಕ್ಯನಾದದ್ದು ಇಲ್ಲೇ ಎಂದು ವೀರಶೈವ ಪರಂಪರೆ ಹೇಳುತ್ತದೆ. ಒಂದು ಕಾಲಕ್ಕೆ ಇದು ಜೈನರ ದೊಡ್ಡ ಪಟ್ಟಣ. ಶಾಸನಗಳಲ್ಲಿ ಇದರ ಹೆಸರು ಕಲ್ಲೇಹ. 1368ರಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ಜಗಳ ಬಂತು. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೇಹ ಮೊದಲಾದ ಕಡೆಯ ಜೈನರು ವಿಜಯನಗರದ ಬುಕ್ಕರಾಯನ ಮುಂದೆ ದೂರು ಕೊಟ್ಟರು. ರಾಯ ಎರಡೂ ಕಡೆಯ ಹಿರಿಯರನ್ನು ಕರೆಸಿ, ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟು, ಎರಡು ದರ್ಶನಗಳಿಗೂ ಭೇದವಿಲ್ಲ, ಪಂಚಮಹಾವಾದ್ಯವೂ ಕಳಸವೂ ಜೈನರಿಗೆ ಮೊದಲಿನಂತೆ ಸಲ್ಲತಕ್ಕದ್ದು ಎಂದು ತೀರ್ಪು ಕೊಟ್ಟ. ಈ ಶಾಸನದ ಒಂದು ಪ್ರತಿ ಶ್ರವಣಬೆಳಗೊಳದಲ್ಲಿದೆ, ಇನ್ನೊಂದು ಕಲ್ಯದಲ್ಲಿ ಸಿಕ್ಕಿತು. ಶಾಲೆಯ ಪುಸ್ತಕಗಳಲ್ಲಿ ಧರ್ಮಸಾಮರಸ್ಯದ ಉದಾಹರಣೆಯಾಗಿ ಇದು ಬರುತ್ತದೆ, ಬರಬೇಕಾದದ್ದೇ.

ಆದರೆ ಪಾಠ ಮಾಡುವವರು ಕೈ ಹಿಡಿಸಿದ ಪ್ರಸಂಗಕ್ಕೆ ನಿಂತುಬಿಡುತ್ತಾರೆ. ಮುಂದಿನ ಸಾಲುಗಳಲ್ಲಿ ಹಣದ ವ್ಯವಸ್ಥೆ ಇದೆ. ಜೈನರ ಮನೆಮನೆಯಿಂದ ವರ್ಷಕ್ಕೆ ಒಂದೊಂದು ಹಣ ಎತ್ತಬೇಕು. ಎತ್ತುವವರು ಯಾರು? ತಿರುಮಲೆಯ ತಾತಯ್ಯ, ಅಂದರೆ ವೈಷ್ಣವರ ಕಡೆಯವರು. ಆ ದುಡ್ಡಿನಲ್ಲಿ ಬೆಳಗೊಳದ ದೇವರಿಗೆ ಇಪ್ಪತ್ತು ಮಂದಿ ಕಾವಲಿನವರನ್ನು ಇಡಬೇಕು; ಮಿಕ್ಕ ಹಣದಲ್ಲಿ ಜೀರ್ಣವಾದ ಜಿನಾಲಯಗಳಿಗೆ ಸುಣ್ಣಗಾರೆ ಮಾಡಿಸಬೇಕು. ರಾಜಶಾಸನದಲ್ಲಿ ಸುಣ್ಣದ ಖರ್ಚು! ಗದ್ದಲವೆಲ್ಲ ಅಡಗಿದ ಮೇಲೆ ಗೋಡೆ ಸೋರದ ಹಾಗೆ ನೋಡಿಕೊಳ್ಳುವವರು ಬೇಕು, ಅದಕ್ಕೆ ವರ್ಷವರ್ಷವೂ ಬರುವ ಹಣ ಬೇಕು ಎಂಬುದು ಆ ಶಾಸನ ಬರೆಸಿದವರಿಗೆ ಗೊತ್ತಿತ್ತು. ಆಮೇಲೆ ಈ ಶಾಸನದ ಜೀರ್ಣೋದ್ಧಾರವೂ ಆಯಿತು. ಬುಕ್ಕರಾಯನಿಗೆ ಬಿನ್ನಹ ಮಾಡಿಕೊಂಡು ತಾತಯ್ಯನನ್ನು ಕರೆತಂದು ಆ ಕೆಲಸ ಮಾಡಿಸಿದವನು ಇದೇ ಕಲ್ಲೇಹದ ಹರ್ವಿಸೆಟ್ಟಿಯ ಮಗ ಬುಸುವಿಸೆಟ್ಟಿ. ಎರಡು ಮತದವರೂ ಕೂಡಿ ಅವನಿಗೆ ಸಂಘನಾಯಕ ಪಟ್ಟ ಕಟ್ಟಿದರು. ದುರಸ್ತಿಯ ಕೆಲಸಕ್ಕೆ ಪಟ್ಟ ಕಟ್ಟಿಸಿಕೊಂಡ ಈ ಮಾಗಡಿ ಸೀಮೆಯ ಶೆಟ್ಟಿಯ ಹೆಸರಿನಲ್ಲಿ ಒಂದು ರಸ್ತೆಯಾದರೂ ಇರಬೇಕಿತ್ತು ಎಂದು ನನಗೆ ಅನ್ನಿಸುತ್ತದೆ.

ಸುಣ್ಣ ಎಂದೆನಲ್ಲ, ಆ ಕಾಲದ ಗಾರೆ ಈಗಿನ ಪುಡಿ ಸುಣ್ಣವಲ್ಲ. ಸುಟ್ಟ ಸುಣ್ಣವನ್ನು ನೀರಿನಲ್ಲಿ ಅರಳಿಸಿ, ಮರಳು ಬೆರೆಸಿ, ದುಂಡನೆಯ ಕಾಲುವೆಯಲ್ಲಿ ಎತ್ತು ಕಟ್ಟಿ ಕಲ್ಲಿನ ಚಕ್ರ ಉರುಳಿಸಿ ಅರೆಯುತ್ತಿದ್ದರು. ಬೆಲ್ಲದ ನೀರು, ಅಳಲೆಕಾಯಿಯ ಕಷಾಯ ಸೇರಿಸುತ್ತಿದ್ದರು. ಬೆರಳಲ್ಲಿ ತೆಗೆದರೆ ನುಣ್ಣಗೆ ಅಂಟಬೇಕು, ಆಗ ಹದ. ಮಾಗಡಿಯ ಸೋಮೇಶ್ವರನ ಗುಡಿಯಂಥ ಕೆಂಪೇಗೌಡ ವಂಶದ ಕಟ್ಟಡಗಳಲ್ಲಿ ಈ ಗಾರೆಯದೇ ಆಟ. 1638ರಲ್ಲಿ ಬಿಜಾಪುರದ ರಣದುಲ್ಲಾ ಖಾನ್ ಬೆಂಗಳೂರನ್ನು ಹಿಡಿದ ಮೇಲೆ ಕೆಂಪೇಗೌಡರ ಮನೆತನ ಮಾಗಡಿಗೆ ಬಂದು ನೆಲೆಸಿತು. 1728ರಲ್ಲಿ ಮೈಸೂರಿನವರು ಮಾಗಡಿ, ಸಾವನದುರ್ಗ ಎರಡನ್ನೂ ಗೆದ್ದುಕೊಂಡರು. ಈ ತೊಂಬತ್ತು ವರ್ಷದಲ್ಲಿ ಮಾಗಡಿ ರಾಜಧಾನಿಯ ಠೀವಿ ಕಂಡಿತು. ಕೆಳಗೆ ಕಲ್ಲು, ಮೇಲೆ ಇಟ್ಟಿಗೆ ಗೋಪುರ, ಅದರ ಮೇಲೆ ಗಾರೆಯ ಗೊಂಬೆಗಳು. ಕಲ್ಲಿಗೆ ಆಯಸ್ಸು ಹೆಚ್ಚು, ಗಾರೆಗೆ ಕಡಿಮೆ. ಹಕ್ಕಿ ತಂದುಹಾಕಿದ ಅರಳಿಯ ಬೀಜ ಬಿರುಕಿನಲ್ಲಿ ಮೊಳೆತು, ಬೆರಳು ಗಾತ್ರದ ಬೇರು ಎರಡು ಇಟ್ಟಿಗೆಯ ಸಂದಿಗೆ ಇಳಿಯಿತೆಂದರೆ ಕೆಲವೇ ವರ್ಷಗಳಲ್ಲಿ ಮೂಲೆ ಬಾಯಿಬಿಡುತ್ತದೆ. ಮೊಳಕೆಯಾಗಿದ್ದಾಗ ಒಬ್ಬ ಹುಡುಗ ಹತ್ತಿ ಕಿತ್ತುಬಿಟ್ಟಿದ್ದರೆ ಮುಗಿಯುತ್ತಿತ್ತು. ಬಿಟ್ಟದ್ದರಿಂದ ಆಮೇಲೆ ಲಕ್ಷಗಟ್ಟಲೆ ಅಂದಾಜುಪಟ್ಟಿ.

ಈ ಗೋಳು ನಮ್ಮದೊಂದೇ ಅಲ್ಲ. ಇಂಗ್ಲೆಂಡಿನ ಹಳ್ಳಿಹಳ್ಳಿಯಲ್ಲೂ ಹಳೆಯ ಊರ ಚರ್ಚುಗಳಿವೆ. ಕೆಲವಕ್ಕೆ ರೋಮನ್ನರ ಕಟ್ಟಡದಿಂದ ಕಿತ್ತುತಂದ ಇಟ್ಟಿಗೆ, ಮೇಲೆ ನಾರ್ಮನ್ನರ ಕಮಾನು, ಆಮೇಲೆ ಅಗಲಿಸಿದ ಪಕ್ಕದ ಸಾಲು, ಮುಚ್ಚಿದ ಕಿಟಕಿ, ಎತ್ತರಿಸಿದ ಗೋಪುರ. 19ನೆಯ ಶತಮಾನದಲ್ಲಿ ಅಲ್ಲಿ ಜೀರ್ಣೋದ್ಧಾರದ ಹುಚ್ಚು ಹಿಡಿಯಿತು. ಹಳೆಯ ಗಾರೆ ಕೆರೆದು, ನಡುಗಾಲದ ಸೇರ್ಪಡೆಗಳನ್ನು ಕೆಡವಿ, ‘ಮೂಲ ರೂಪ’ಕ್ಕೆ ತರುತ್ತೇವೆಂದು ಹೊರಟರು. ಅದನ್ನು ಕಂಡು ಸಿಡಿದೆದ್ದ ಕವಿ, ಕುಶಲಕರ್ಮಿ ವಿಲಿಯಂ ಮಾರಿಸ್ 1877ರಲ್ಲಿ ಹಳೆಯ ಕಟ್ಟಡಗಳ ರಕ್ಷಣೆಗೆ ಒಂದು ಸಂಘ ಕಟ್ಟಿದ. ಅದಕ್ಕೆ ‘ಕೆರೆಯುವುದನ್ನು ವಿರೋಧಿಸುವವರು’ ಎಂಬರ್ಥದ ಅಡ್ಡಹೆಸರು ಬಿತ್ತು. ಅವನ ವಾದ ಸರಳ: ಸೋರುವುದನ್ನು ನಿಲ್ಲಿಸಿ, ಬೀಳುವುದಕ್ಕೆ ಆನಿಕೆ ಕೊಡಿ, ಹೆಚ್ಚಿನದೇನನ್ನೂ ಮಾಡಬೇಡಿ.

ನಮ್ಮಲ್ಲಿ ಇದಕ್ಕಿಂತ ಹಳೆಯ, ಇದಕ್ಕಿಂತ ಚಂದದ ಮಾದರಿಯಿದೆ. ಹತ್ತನೆಯ ಶತಮಾನದ ಚೋಳ ರಾಣಿ ಸೆಂಬಿಯನ್ ಮಹಾದೇವಿ ತಿರುಕ್ಕೋಡಿಕಾವಲಿನ ಗುಡಿಯನ್ನು ಕಲ್ಲಿನಲ್ಲಿ ಹೊಸದಾಗಿ ಕಟ್ಟಿಸುವಾಗ ಹಳೆಯ ಕಲ್ಲುಗಳ ಮೇಲಿದ್ದ ದತ್ತಿ ಶಾಸನಗಳನ್ನೆಲ್ಲ ನಕಲು ಮಾಡಿಸಿ, ಇದು ಹಳೆಯದರ ಪ್ರತಿ ಎಂದು ಹೇಳಿಯೇ ಹೊಸ ಗೋಡೆಗೆ ಕೆತ್ತಿಸಿದಳು. ಗುಡಿಯನ್ನು ಬದಲಾಯಿಸಿದಳು, ದಾಖಲೆಯನ್ನು ಕಳೆಯಲಿಲ್ಲ.

ಈಗ ನಮ್ಮೂರಿನ ಜೀರ್ಣೋದ್ಧಾರ ನೋಡಿ. ಹುಂಡಿಗೆ ದುಡ್ಡು ಬಂತು, ಬೆಂಗಳೂರಿನಲ್ಲಿ ನೆಲೆಸಿದ ಊರಿನವರು ಕಾಣಿಕೆ ಕೊಟ್ಟರು, ಸಮಿತಿಯಾಯಿತು. ಮೊದಲ ಕೆಲಸ, ನೆಲಕ್ಕೆ ಹೊಳೆಯುವ ಗ್ರಾನೈಟ್ ಹಾಸು. ನೆಲ ಒಂದು ಗೇಣು ಏರಿತು, ಅಧಿಷ್ಠಾನದ ಕೆಳಗಿನ ಪಟ್ಟಿ ಮುಚ್ಚಿಹೋಯಿತು, ಅದರ ಮೇಲಿದ್ದ ಅಕ್ಷರವೂ ಹೋಯಿತು. ಎರಡನೆಯದು, ಕಂಬಕ್ಕೆ ಆಯಿಲ್ ಪೇಂಟ್. ಮೂರನೆಯದು, ಹಳೆಯ ಬಣ್ಣ ತೆಗೆಯಲು ಯಂತ್ರದಿಂದ ಮರಳು ಸಿಡಿಸುವುದು. ಅದು ಬಣ್ಣದ ಜೊತೆಗೆ ಉಳಿಯ ಗುರುತನ್ನೂ ತೆಗೆಯುತ್ತದೆ, ಶಾಸನದ ಅಂಚನ್ನೂ ತಿನ್ನುತ್ತದೆ. ಕಡೆಗೆ ಇಟ್ಟಿಗೆ ಗೋಪುರಕ್ಕೆ ಸಿಮೆಂಟು. ಸುಣ್ಣದ ಗಾರೆಯಲ್ಲಿ ನೀರಾವಿ ಆಡುತ್ತದೆ. ಸಿಮೆಂಟು ಬಾಯಿ ಕಟ್ಟಿದಂತೆ ಕಟ್ಟುತ್ತದೆ. ಒಳಗೆ ನಿಂತ ತೇವ ಉಪ್ಪು ಹೊತ್ತು ಇಟ್ಟಿಗೆಯನ್ನೇ ಪುಡಿಮಾಡುತ್ತದೆ. ಯಾರಿಗೂ ಕೆಟ್ಟ ಉದ್ದೇಶವಿಲ್ಲ, ಭಕ್ತಿಯಿಂದಲೇ ಮಾಡುತ್ತಾರೆ. ಹಾಗಾಗಿ ತಡೆಯುವುದೂ ಕಷ್ಟ. ಸಮಿತಿಯವರಿಗೆ ‘ಅದು ಶಾಸನ, ಮುಚ್ಚಬೇಡಿ’ ಎಂದರೆ ‘ಓದಲು ಬರುವವರು ಯಾರಿದ್ದಾರೆ ಸ್ವಾಮಿ’ ಎನ್ನುತ್ತಾರೆ.

ಓದಿದವರಿದ್ದಾರೆ. ಬೆಂಗಳೂರಿನಲ್ಲೇ ಹುಟ್ಟಿದ ಬೆಂಜಮಿನ್ ಲೂಯಿಸ್ ರೈಸ್ ಮೈಸೂರು ಸಂಸ್ಥಾನದ ಊರೂರಿನ ಶಾಸನಗಳ ಪಡಿಯಚ್ಚು ತೆಗೆಸಿ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳನ್ನು ತಂದರು. ಅದರ ಒಂಬತ್ತನೆಯ ಸಂಪುಟ ಅಂದಿನ ಬೆಂಗಳೂರು ಜಿಲ್ಲೆಯದು, 1905ರಲ್ಲಿ ಬಂದದ್ದು. ಈ ನಾಲ್ಕು ತಾಲ್ಲೂಕಿನ ಶಾಸನಗಳು ಅದರಲ್ಲಿವೆ. ಮಾಗಡಿ ತಾಲ್ಲೂಕಿನ 18ನೆಯ ಸಂಖ್ಯೆಯದು ಕಲ್ಯದ ಬುಕ್ಕರಾಯನ ಶಾಸನ. ಆದರೆ ರೈಸ್ ಸಾಹೇಬರೊಂದಿಗೆ ಎಲ್ಲವೂ ಮುಗಿದುಹೋಯಿತು ಎಂದುಕೊಳ್ಳಬೇಡಿ. ಮಾಗಡಿ ತಾಲ್ಲೂಕಿನ ಕೆಂಪಾಪುರದಲ್ಲಿ ಒಂದು ಹಳೆಯ ಕಟ್ಟಡ ಎಲ್ಲರ ಕಣ್ಣೆದುರಿಗೇ ನಿಂತಿತ್ತು. ಅಲ್ಲಿನ ಶಾಸನದ ಆಧಾರದ ಮೇಲೆ ಅದು ಕೆಂಪೇಗೌಡರ ಸಮಾಧಿ ಎಂದು ಸಂಶೋಧಕರು ಗುರುತಿಸಿದ್ದು 2015ರಲ್ಲಿ. ಅದಕ್ಕೆ ಮೊದಲೇ ಯಾರಾದರೂ ಪುಣ್ಯಾತ್ಮರು ಆ ಅಕ್ಷರಗಳ ಮೇಲೆ ಎರಡು ಕೈ ಬಣ್ಣ ಹೊಡೆದಿದ್ದರೆ?

ಆದ್ದರಿಂದ ಈ ನಾಲ್ಕು ತಾಲ್ಲೂಕಿನ ಕೇಳುಗರಲ್ಲಿ, ಅದರಲ್ಲೂ ದೇವಸ್ಥಾನದ ಸಮಿತಿಗಳಲ್ಲಿರುವವರಲ್ಲಿ, ನನ್ನದೊಂದು ಬಿನ್ನಹ. ಗುಡಿಯಾಗಲಿ, ಬಸದಿಯಾಗಲಿ, ಚನ್ನಪಟ್ಟಣದ ದರ್ಗಾ ಆಗಲಿ, ಕನಕಪುರದ ಕಡೆಯ ಹಾರೋಬೆಲೆಯ ಇಗರ್ಜಿಯಾಗಲಿ, ಕೆಲಸ ನಿಲ್ಲಿಸಿ ಎಂದು ನಾನು ಹೇಳುವುದಿಲ್ಲ. ಸೋರುವ ಮಾಡನ್ನು ಸರಿಮಾಡಲೇಬೇಕು. ಆದರೆ ಮೇಸ್ತ್ರಿಗೆ ಮುಂಗಡ ಕೊಡುವ ಮುನ್ನ ನಿಮ್ಮ ಊರಿನ ಹೈಸ್ಕೂಲು ಹುಡುಗರನ್ನು ಕರೆಯಿರಿ. ಬೆಳಗಿನ ಓರೆ ಬಿಸಿಲಿನಲ್ಲಿ ಅಕ್ಷರಗಳು ಚೆನ್ನಾಗಿ ಏಳುತ್ತವೆ. ಗೋಡೆಯ ನಾಲ್ಕೂ ಮುಖ, ಒಂದೊಂದು ಕಂಬ, ನೆಲದ ಹಾಸುಗಲ್ಲಿನ ಅಡಿಮುಖ, ಎಲ್ಲವನ್ನೂ ಮೊಬೈಲಿನಲ್ಲಿ ಫೋಟೋ ತೆಗೆಸಿ. ಏನು ತೆಗೆದಿರಿ, ಏನು ಹಾಕಿದಿರಿ, ಯಾವ ವರ್ಷ, ಯಾರ ಹಣ ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದು ದೇವಸ್ಥಾನದಲ್ಲೇ ಇಡಿ. ಅಕ್ಷರವಿರುವ ಕಲ್ಲು ಕಂಡರೆ ಮೈಸೂರಿನಲ್ಲಿರುವ ರಾಜ್ಯ ಪುರಾತತ್ವ ಇಲಾಖೆಗೆ ಒಂದು ಕಾಗದ ಹಾಕಿ, ಉತ್ತರ ಬರುವವರೆಗೆ ಆ ಒಂದು ಕಲ್ಲಿಗೆ ಬಣ್ಣ ಹೊಡೆಯಬೇಡಿ.